ಮತ್ತೆ ಬೈಠಕ್‌ಗೆ ಹೋಗುವ ಮುಂಚೆ ಕಿವಿ ರೂಢಿ ಮಾಡಿಕೊಂಡದ್ದು

ಹುಬ್ಬಳ್ಳಿ-ಧಾರವಾಡದಲ್ಲಿ ಇದ್ದುಕೊಂಡು ಹಿಂದೂಸ್ತಾನಿ ಸಂಗೀತ ಕೇಳದೆ ಇರುವುದೇ ಕಷ್ಟ ಅಂತ ಹೊರಗಿನವರು ತಿಳಿದಿರುತ್ತಾರೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಇದ್ದ ಊರು ಅಲ್ವಾ? ಆದರೆ ಬೈಠಕ್, ಅಂದರೆ ಕೂತು ಕೇಳುವ ಸಂಗೀತ ಕಾರ್ಯಕ್ರಮ, ಶುರುವಾಗುವುದು ಸಂಜೆ ಆರರ ಸುಮಾರಿಗೆ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಮೊದಲು ಮಕ್ಕಳ ಹೋಮ್‌ವರ್ಕ್ ಇತ್ತು, ಆಮೇಲೆ ಹಾಸಿಗೆ ಹಿಡಿದ ಅತ್ತೆಯವರ ಊಟ, ಔಷಧಿ. ಗಂಗೂಬಾಯಿಯವರು 2009ರಲ್ಲಿ ಹೋದರು, ಭೀಮಸೇನ ಜೋಶಿಯವರು 2011ರಲ್ಲಿ. ಎರಡೂ ಸುದ್ದಿ ನಾನು ಕೇಳಿದ್ದು ಅಡುಗೆಮನೆಯಲ್ಲೇ.

ಈಗ ಸಂಜೆಗಳು ಖಾಲಿ. ನಮ್ಮ ಕಡೆ ಬಹಳಷ್ಟು ಕಾರ್ಯಕ್ರಮಗಳಿಗೆ ಟಿಕೆಟ್ ಇರುವುದಿಲ್ಲ, ಹೋಗಿ ಕೂತರಾಯಿತು. ತೊಡಕಾದದ್ದು ಕಿವಿ. ಮೊಬೈಲಿನಲ್ಲಿ ಎರಡು ನಿಮಿಷದ ತುಣುಕು ಕೇಳಿ ಕೇಳಿ, ಒಂದು ಬಡಾ ಖಯಾಲ್ (ನಿಧಾನಗತಿಯ ದೀರ್ಘ ಗಾಯನ) ಹಾಕಿದರೆ ಶುರುವಿನ ಆಲಾಪದಲ್ಲೇ ಬೆರಳು ಮುಂದಕ್ಕೆ ಓಡಿಸುತ್ತಿತ್ತು. ಇದೇ ಕಿವಿ ಹೊತ್ತು ಹೋದರೆ ಅಲ್ಲಿ ಗಡಿಯಾರ ನೋಡುತ್ತಾ ಕೂರುವುದು ಖಾತ್ರಿ.

ಅದಕ್ಕೆ ರೊಟ್ಟಿ ಬಡಿಯುವ ಹೊತ್ತನ್ನು ಹಿಡಿದುಕೊಂಡೆ. ಒಂದೇ ರಾಗ, ಪೂರ್ತಿ. ಕೈ ಹಿಟ್ಟಾಗಿರುವಾಗ ಮೊಬೈಲ್ ಮುಟ್ಟಲು ಬರುವುದಿಲ್ಲ, ಅದೇ ಅನುಕೂಲ. ಜೊತೆಗೆ ಏಕತಾಳದ ಠೇಕಾ, ಅಂದರೆ ತಬಲಾದ ಪೆಟ್ಟುಗಳ ನುಡಿ, ಮತ್ತೆ ಬಾಯಿಪಾಠ ಮಾಡಿದೆ. ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ಇದರ 12 ಮಾತ್ರೆ (ಎಣಿಕೆ) ಮುಗಿಯಲು ಒಮ್ಮೊಮ್ಮೆ ಒಂದು ನಿಮಿಷದ ಹತ್ತಿರ ಹಿಡಿಯುತ್ತದೆ. ಅಷ್ಟು ಹೊತ್ತು ಎಣಿಸುತ್ತಾ ಕೂತರೆ ಹಾಡು ಕೇಳುವುದು ಯಾವಾಗ? ನಾನು ಎಣಿಸುವುದಿಲ್ಲ. 'ಧಾಗೆ ತಿರಕಿಟ' ಒಂದು ಆವರ್ತನದಲ್ಲಿ (ಒಂದು ಸುತ್ತಿನಲ್ಲಿ) ಎರಡು ಸಲ ಬರುತ್ತದೆ. ಎರಡನೆಯದು ಬಂತೆಂದರೆ ಸಮ್ಮಿಗೆ, ಅಂದರೆ ಸುತ್ತಿನ ಮೊದಲ ಮಾತ್ರೆಗೆ, ಇನ್ನೆರಡೇ ಮಾತ್ರೆ. ಅಷ್ಟಕ್ಕೆ ಮಾತ್ರ ಕಿವಿ ಕೊಟ್ಟು, ಉಳಿದಂತೆ ಗಾಯಕರ ಹಿಂದೆ ಹೋಗುತ್ತೇನೆ. ಕೆಲವು ವಾರಗಳಲ್ಲಿ ಬೆರಳಿನ ಚಡಪಡಿಕೆ ನಿಂತಿತು.

ಹೋದದ್ದು ಧಾರವಾಡಕ್ಕೆ. ಹುಬ್ಬಳ್ಳಿಯಿಂದ ಚಿಗರಿ ಬಸ್ಸು, ಜುಬಿಲಿ ಸರ್ಕಲ್‌ನಿಂದ ಆಟೋ. ಕೊನೆಯ ಬಸ್ಸು ಎಷ್ಟಕ್ಕೆ ಅಂತ ಹೋಗುವಾಗಲೇ ಕೇಳಿಟ್ಟುಕೊಂಡೆ, ಇಲ್ಲದಿದ್ದರೆ ಕೊನೆಗೆ ಹಾಡುವ ಭೈರವಿ ಹೊತ್ತಿಗೆ ತಲೆಯಲ್ಲಿ ಬರೀ ಬಸ್ಸೇ ಓಡುತ್ತದೆ. ಮುಂದೆ ಜಮಖಾನೆ ಹಾಸಿದ್ದರು. ಮೊಣಕಾಲು ಬೇಡ ಅಂದಿತು. ಹಿಂದೆ ಕುರ್ಚಿಗಳಲ್ಲಿ ನಡುವಿನ ಸಾಲು ಹಿಡಿದೆ, ಸ್ಪೀಕರ್ ಡಬ್ಬಿಯಿಂದ ಆದಷ್ಟು ದೂರ. ಈಗ ಎಲ್ಲ ಕಡೆ ಸೌಂಡ್ ಜಾಸ್ತಿ. ತಬಲಾದ ಎಡಗಡೆಯ ಡಗ್ಗಾ ಎದೆಗೆ ಗುದ್ದಿದ ಹಾಗೆ ಕೇಳಿಸುತ್ತದೆ, ತಂಬೂರಿ ಮುಚ್ಚಿಹೋಗುತ್ತದೆ. ನನಗಂತೂ ತಂಬೂರಿ ಬೇಕೇ ಬೇಕು.

ಯಾಕೆಂದರೆ ಕಳೆದುಹೋದದ್ದು ವಾಪಸ್ ಬಂದದ್ದು ಅಲ್ಲೇ. ಶಾಲು, ಹಾರ, ಭಾಷಣ ಎಲ್ಲ ಮುಗಿದು (ಇದು ಮಾತ್ರ ಎಳ್ಳಷ್ಟೂ ಬದಲಾಗಿಲ್ಲ) ತಂಬೂರಿ ಶ್ರುತಿ ಮಾಡುವಾಗ ಮೊದಲ ತಂತಿ ಪಂಚಮಕ್ಕಿಲ್ಲ, ನಿಷಾದಕ್ಕಿದೆ ಅನ್ನಿಸಿತು. ಅಂದರೆ ರಾಗದಲ್ಲಿ ಪಂಚಮ ಇರಲಿಕ್ಕಿಲ್ಲ. ಸಂಜೆಯ ಹೊತ್ತು ಬೇರೆ. ಮಾರವಾ ಇರಬೇಕು, ಇಲ್ಲಾ ಪೂರಿಯಾ. ಎರಡಕ್ಕೂ ಸ್ವರಗಳು ಅವೇ, ನಿಲ್ಲುವ ಜಾಗ ಬೇರೆ. ಪೂರಿಯಾ ಗಂಧಾರ-ನಿಷಾದಗಳ ಮೇಲೆ ನಿಲ್ಲುತ್ತದೆ, ಮಾರವಾ ರಿಷಭ-ಧೈವತಗಳ ಮೇಲೆ. ಗಾಯಕರು ಷಡ್ಜಕ್ಕೆ ಬರದೆ ಕೋಮಲ ರಿಷಭದಲ್ಲೇ ಕಾಯಿಸಿದರು. ಮಾರವಾ! ಪಕ್ಕದವರು ನನ್ನ ಮುಖ ನೋಡಿದರು, ನಾನು ಜೋರಾಗಿಯೇ ಅಂದುಬಿಟ್ಟಿದ್ದೆ ಅನ್ಸುತ್ತೆ.

ನಡುವೆ ಮನಸ್ಸು ಅಲೆಯಲಿಲ್ಲ ಅಂತಲ್ಲ. ಗ್ಯಾಸ್ ಆರಿಸಿದೆನಾ ಅಂತ ಒಮ್ಮೆ ಬಂತು. ಆಗೆಲ್ಲ ಎರಡನೇ 'ತಿರಕಿಟ'ಕ್ಕೆ ಕಾದು, ಸಮ್ಮಿನಲ್ಲಿ ಒಳಗೆ ಬರುತ್ತಿದ್ದೆ. ವೇಗದ ದ್ರುತ್ ಶುರುವಾದ ಮೇಲೆ ಅದೂ ಬೇಕಾಗಲಿಲ್ಲ.

ಚಹಾದ ಹೊತ್ತಿನಲ್ಲಿ ಮೊದಲೆಲ್ಲ ಕಾರ್ಯಕ್ರಮಗಳಲ್ಲಿ ಕಾಣುತ್ತಿದ್ದ ಹಿರಿಯರೊಬ್ಬರು ಗುರುತು ಹಿಡಿದರು. "ಭಾಳ ದಿವಸ ಆತಲ್ರೀ ಅಕ್ಕಾರ, ಎಲ್ಲಿ ಹೋಗಿದ್ರಿ?" ಇಲ್ಲೇ ಹುಬ್ಬಳ್ಯಾಗ ಇದ್ದೆ ಅಂದೆ. "ಹಂಗಾರ ಕುಂದಗೋಳಕ್ಕ ಬರ್ರಿ" ಅಂದರು.

ಕುಂದಗೋಳ ಅಂದರೆ ನಾಡಿಗೇರ ವಾಡೆ, ಹಳೆಯ ದೊಡ್ಡ ಮನೆ. ಗಂಗೂಬಾಯಿ, ಭೀಮಸೇನರ ಗುರು ಸವಾಯಿ ಗಂಧರ್ವರ ನೆನಪಿನಲ್ಲಿ ಅಲ್ಲಿ ನಡೆಯುವುದು ಅಹೋರಾತ್ರಿ ಸಂಗೀತ. ಅದಕ್ಕೆ ರೊಟ್ಟಿ ಹೊತ್ತಿನ ಅಭ್ಯಾಸ ಸಾಲದು. ಮಧ್ಯಾಹ್ನ ನಿದ್ದೆ ಮಾಡಿಕೊಳ್ಳಬೇಕು, ಬೆನ್ನಿಗೊಂದು ದಿಂಬು ಒಯ್ಯಬೇಕು. ನಮ್ಮ ಮನೆಯವರೂ ಬರ್ತಾರಂತೆ. ಅವರಿಗೆ ಮಾರವಾ, ಪೂರಿಯಾ ಎರಡೂ ಒಂದೇ, ನಡುರಾತ್ರಿ ಚಹಾ ಸಿಗುತ್ತದೋ ಇಲ್ಲವೋ ಅಂತ ಈಗಲೇ ವಿಚಾರಿಸುತ್ತಿದ್ದಾರೆ.