ಎಸ್‌ಇಎಂ ಚಿತ್ರದಲ್ಲಿ ಮೇಲ್ಮೈ ಮಾಯ: ಕೊನೆಗೆ ಸರಿಹೋದದ್ದು ಹೀಗೆ

ಪಾಲಿಮರ್ ಹಾಳೆಯ ಮೇಲಿನ ಸಣ್ಣ ಗೀರುಗಳನ್ನು ಎಸ್‌ಇಎಂನಲ್ಲಿ, ಅಂದರೆ ಎಲೆಕ್ಟ್ರಾನ್ ಕಿರಣದಿಂದ ಚಿತ್ರ ತೆಗೆಯುವ ಸೂಕ್ಷ್ಮದರ್ಶಕದಲ್ಲಿ, ನೋಡಬೇಕಿತ್ತು. ಎಲೆಕ್ಟ್ರಾನ್‌ಗಳನ್ನು ನುಗ್ಗಿಸುವ ವೋಲ್ಟೇಜ್ 20 ಕಿಲೋವೋಲ್ಟ್ ಇದ್ದಾಗ ಗೀರುಗಳೇ ಕಾಣಲಿಲ್ಲ, ಹಾಳೆಯೊಳಗೆ ಬೆರೆಸಿದ ಫಿಲ್ಲರ್ ಕಣಗಳು ಬೆಳ್ಳಗೆ ಇಣುಕುತ್ತಿದ್ದವು. ಫೋಕಸ್ ಸರಿಯಾಗೇ ಇತ್ತು.

ತೊಂದರೆ ಇದ್ದದ್ದು ಆಳದಲ್ಲಿ. ಇಂಗಾಲದಂಥ ಹಗುರ ವಸ್ತುವಿನಲ್ಲಿ 20 ಕಿಲೋವೋಲ್ಟ್ ಎಲೆಕ್ಟ್ರಾನ್‌ಗಳು ಸುಮಾರು 5 ಮೈಕ್ರೋಮೀಟರ್ ಒಳಗೆ ನುಗ್ಗುತ್ತವೆ. ಚಿನ್ನದಲ್ಲಾದರೆ 1 ಮೈಕ್ರೋಮೀಟರ್ ಕೂಡ ಇಲ್ಲ. ಚಿತ್ರ ಮೂಡಿಸುವ ಸೆಕೆಂಡರಿ ಎಲೆಕ್ಟ್ರಾನ್‌ಗಳು (ಕಿರಣದ ಹೊಡೆತಕ್ಕೆ ವಸ್ತುವಿನಿಂದಲೇ ಏಳುವವು) ಹೊರಬರುವುದು ಮೇಲಿನ ಕೆಲವೇ ನ್ಯಾನೋಮೀಟರ್‌ಗಳಿಂದ, ನಿಜ. ಆದರೆ ಆಳದಿಂದ ವಾಪಸ್ ಚಿಮ್ಮುವ ಎಲೆಕ್ಟ್ರಾನ್‌ಗಳೂ ದಾರಿಯಲ್ಲಿ ಅವುಗಳನ್ನು ಎಬ್ಬಿಸುತ್ತವೆ. ಒಳಗಿನ ಸುದ್ದಿ ಹೀಗೆ ಬೆರೆಯುತ್ತದೆ.

ವೋಲ್ಟೇಜನ್ನು 2 ಕಿಲೋವೋಲ್ಟ್‌ಗೆ ಇಳಿಸಿದೆ. ಆಳ ಸುಮಾರು 100 ನ್ಯಾನೋಮೀಟರ್‌ಗೆ ಬಂತು, ಗೀರುಗಳು ಕಂಡವು. ಚಿತ್ರದಲ್ಲಿ ನಾಯ್ಸ್ (ಬೇಡದ ಚುಕ್ಕೆಗಳು) ಜಾಸ್ತಿಯಾಯಿತು, ಅದಕ್ಕೆ ಸ್ಕ್ಯಾನ್ ನಿಧಾನ ಮಾಡಿ, ಸ್ಯಾಂಪಲ್ಲನ್ನು ಲೆನ್ಸ್‌ಗೆ ಹತ್ತಿರ ತಂದೆ. ಕಣಗಳೇ ಬೇಕಿದ್ದರೆ ಹಳೆಯ 20 ಕಿಲೋವೋಲ್ಟೇ ವಾಸಿ.