ಹಳೆ ಸ್ವೀಪ್ ಜನರೇಟರ್‌ಗೆ ಲ್ಯಾಪ್‌ಟಾಪ್ ಜೋಡಿಸಿದ್ದು: ನನ್ನ ಅನುಭವ

ನನಗೆ ಬೇಕಾಗಿದ್ದು ಒಂದು ಫಿಲ್ಟರ್, ಬೇಕಾದ ರೇಡಿಯೋ ಸಿಗ್ನಲ್ ಮಾತ್ರ ಒಳಗೆ ಬಿಟ್ಟು ಉಳಿದದ್ದನ್ನು ತಡೆಯುವಂಥದ್ದು, ಅಷ್ಟೆ. ಆಳಂದ ತಾಲ್ಲೂಕಿನ ನಮ್ಮ ಊರಲ್ಲಿ ತೊಗರಿ ಹೊಲದ ಮಣ್ಣಿನ ತೇವ ಅಳೆಯುವ ಸಣ್ಣ ಸೆನ್ಸರ್‌ಗಳನ್ನು ಹಾಕಿದ್ದೇನೆ. ಅವು ಲೋರಾ ಅನ್ನುವ, ಕಡಿಮೆ ಪವರ್‌ನಲ್ಲಿ ದೂರ ಹೋಗುವ ರೇಡಿಯೋದಲ್ಲಿ, 865ರಿಂದ 867 ಮೆಗಾಹರ್ಟ್ಸ್ ಒಳಗೆ, ಮಾಹಿತಿ ಕಳಿಸುತ್ತವೆ. ಅದನ್ನು ಹಿಡಿಯುವ ಗೇಟ್‌ವೇ ಇರುವುದು ಕಾಕಾನ ಮನೆ ಮಾಳಿಗೆ ಮೇಲೆ. ತೊಂದರೆ ಏನಂದ್ರೆ ಪಕ್ಕದಲ್ಲೇ ಮೊಬೈಲ್ ಟವರ್ ಇದೆ. 850 ಬ್ಯಾಂಡ್‌ನಲ್ಲಿ ಟವರ್ ಕಳಿಸುವ ಭಾಗ ಶುರುವಾಗುವುದೇ 869ರಿಂದ. ನಮ್ಮದು ಮುಗಿಯುವುದು 867ಕ್ಕೆ, ಅದರದು ಶುರುವಾಗುವುದು 869ಕ್ಕೆ. ಹೊಲದಿಂದ ಬರುವ ಸಣ್ಣ ಸಿಗ್ನಲ್ ಆ ಜೋರಿನಲ್ಲಿ ಮುಳುಗಿ ಹೋಗುತ್ತಿತ್ತು.

ಕಾಕಾಗೆ ಇದನ್ನು ಹೇಳಿದಾಗ ಅವರು ತಮ್ಮ ಬಾಲ್ಯದ ಟಿವಿ ನೆನಪಿಸಿಕೊಂಡರು. 1975-76ರಲ್ಲಿ ಎಟಿಎಸ್-6 ಉಪಗ್ರಹದಿಂದ ಹಳ್ಳಿಗಳಿಗೆ ನೇರವಾಗಿ ಟಿವಿ ಬಂತಲ್ಲ, ಸೈಟ್ ಅಂತ, ಆ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿಕೊಂಡಿದ್ದ ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾ ಕೂಡ ಇತ್ತು. ಕೋಳಿಗೂಡಿಗೆ ಹಾಕುವಂಥ ಜಾಲರಿಯಿಂದ ಮಾಡಿದ ಹತ್ತು ಅಡಿಯ ಆಂಟೆನಾ. ಅದು ಹಿಡಿಯುತ್ತಿದ್ದದ್ದು 860 ಮೆಗಾಹರ್ಟ್ಸ್. ನಾನು ಒದ್ದಾಡುತ್ತಿದ್ದ ಜಾಗದಿಂದ ಬರೀ 6 ಮೆಗಾಹರ್ಟ್ಸ್ ಕೆಳಗೆ! ಇದು ಗೊತ್ತಾದ ಮೇಲೆ ಈ ಕೆಲಸದ ಮೇಲೆ ನನಗೆ ಇನ್ನೂ ಪ್ರೀತಿ ಜಾಸ್ತಿಯಾಯಿತು.

ಫಿಲ್ಟರ್ ಅಂದರೆ ತಾಮ್ರದ ಪೆಟ್ಟಿಗೆ, ಒಳಗೆ ಎಂಟು ಸೆಂಟಿಮೀಟರ್ ಹತ್ತಿರದ ಮೂರು ಕಡ್ಡಿ, ಪ್ರತಿ ಕಡ್ಡಿಯ ತುದಿಗೆ ಎದುರಾಗಿ ಒಂದೊಂದು ಸ್ಕ್ರೂ. ಪೆಟ್ಟಿಗೆ ಮಾಡಿಕೊಟ್ಟವರು ಕಲಬುರಗಿಯಲ್ಲಿ ಪಾತ್ರೆ ಮಾಡುವವರು. "ಇದ್ರಾಗ ಏನ್ ಇಡ್ತೀರಿ ಸರ?" ಅಂತ ಕೇಳಿದರು. "ಏನೂ ಇಡಲ್ರೀ, ಗಾಳಿ ಇರ್ತದ ಅಷ್ಟೆ" ಅಂದೆ. ಬೆಸುಗೆಯನ್ನು ಮಾತ್ರ ನನಗಿಂತ ಎಷ್ಟೋ ಚೆನ್ನಾಗಿ ಹಾಕಿಕೊಟ್ಟರು. ಆದರೆ ಇಂಥ ಫಿಲ್ಟರ್ ಕೂಡಿಸಿದ ಕೂಡಲೇ ಕೆಲಸ ಮಾಡುವುದಿಲ್ಲ. ಸ್ಕ್ರೂ ಕಾಲು ಸುತ್ತು ತಿರುಗಿಸಿದರೂ ಮೆಗಾಹರ್ಟ್ಸ್‌ಗಟ್ಟಲೆ ಸರಿಯುತ್ತದೆ. ನೋಡುತ್ತಾ ತಿರುಗಿಸಬೇಕು. ನೋಡೋದಕ್ಕೆ ಸ್ವೀಪ್ ಬೇಕು, ಅಂದರೆ ಸಿಗ್ನಲ್‌ನ ಫ್ರೀಕ್ವೆನ್ಸಿಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸರಿಸುತ್ತಾ ಹೋಗುವ ಯಂತ್ರ.

ಹೈದರಾಬಾದಿನ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಎಚ್‌ಪಿ 8350ಬಿ ಸ್ವೀಪ್ ಜನರೇಟರ್ ಸಿಕ್ಕಿತು, ಜೊತೆಗೆ ಅದರೊಳಗೆ ಕೂತು ಸಿಗ್ನಲ್ ಹುಟ್ಟಿಸುವ 83522ಎ ಪ್ಲಗ್-ಇನ್. 10 ಮೆಗಾಹರ್ಟ್ಸ್‌ನಿಂದ 2.4 ಗಿಗಾಹರ್ಟ್ಸ್‌ವರೆಗೆ ಕೊಡುತ್ತದೆ. 1980ರ ದಶಕದ ಯಂತ್ರ. ಹಿಂದೆ ಒಂದು 24 ಪಿನ್ನಿನ ಜಿಪಿಐಬಿ ಕನೆಕ್ಟರ್ ಇದೆ, ಕಂಪ್ಯೂಟರ್ ಅದರ ಜೊತೆ ಮಾತಾಡುವುದು ಅಲ್ಲಿಂದಲೇ. ಜಿಪಿಐಬಿ ಕಾರ್ಡ್ ಕೊಳ್ಳಲು ಹೋದರೆ ಯಂತ್ರಕ್ಕಿಂತ ಕಾರ್ಡೇ ದುಬಾರಿ. ಹಾಗಾಗಿ ಎಆರ್488 ಅನ್ನುವ ಓಪನ್ ಸೋರ್ಸ್ ಪ್ರೋಗ್ರಾಮನ್ನು ಆರ್ಡುಯಿನೋ ಉನೋ ಅನ್ನುವ ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡ್‌ಗೆ ಹಾಕಿ, ಕನೆಕ್ಟರ್‌ಗೆ ನಾನೇ ತಂತಿ ಬೆಸೆದೆ. ಎಂಟು ಡೇಟಾ, ಮೂರು ಹ್ಯಾಂಡ್‌ಶೇಕ್, ಐದು ನಿಯಂತ್ರಣ, ಉಳಿದ ಎಂಟು ಗ್ರೌಂಡ್ ಮತ್ತು ಶೀಲ್ಡ್.

ಮೊದಲ ಉನೋ ಎರಡನೇ ದಿನಕ್ಕೇ ಸತ್ತಿತು. ಕಾರಣ ಬೆಸುಗೆ ಅಲ್ಲ. ನನ್ನ ಬಾಡಿಗೆ ಕೋಣೆಯ ಸಾಕೆಟ್‌ನಲ್ಲಿ ಅರ್ಥಿಂಗ್ ತಂತಿಯೇ ಇರಲಿಲ್ಲ. ಜನರೇಟರ್‌ನ ಲೋಹದ ಮೈ ಮುಟ್ಟಿದರೆ ಜುಮ್ ಅನ್ನುತ್ತಿತ್ತು, ಮೀಟರ್ ಹಿಡಿದರೆ ನೂರರ ಹತ್ತಿರ ವೋಲ್ಟ್. ಒಳಗಿನ ಲೈನ್ ಫಿಲ್ಟರ್‌ನ ಕೆಪಾಸಿಟರ್‌ಗಳಿಂದ ಅದು ಬರುತ್ತದೆ, ಅರ್ಥಿಂಗ್ ಇದ್ದರೆ ಅಲ್ಲೇ ಇಳಿದು ಹೋಗುತ್ತದೆ. ಇಲ್ಲದಿದ್ದರೆ ನೀವು ಕೇಬಲ್ ಚುಚ್ಚುವ ಕ್ಷಣದಲ್ಲಿ ಆರ್ಡುಯಿನೋ ಮೂಲಕ ಲ್ಯಾಪ್‌ಟಾಪ್‌ಗೆ ಹಾಯುತ್ತದೆ. ದಯವಿಟ್ಟು ಮೊದಲು ಅರ್ಥಿಂಗ್ ಸರಿ ಮಾಡಿಸಿ, ಆಮೇಲೆ ಕೇಬಲ್ ಮುಟ್ಟಿ. ಹಿಂದಿನ ವೋಲ್ಟೇಜ್ ಸೆಲೆಕ್ಟರ್ 120ರಲ್ಲಿ ಇಲ್ಲ ಅನ್ನುವುದನ್ನೂ ನೋಡಿಕೊಳ್ಳಿ.

ಆಮೇಲೆ ಎರಡು ಸಂಜೆ ಪೂರ್ತಿ ಮೌನ. ಪೈಥಾನ್‌ನಿಂದ ನಾನು ಎಲ್ಲರೂ ಮೊದಲು ಕಳಿಸುವ 'ನೀನು ಯಾರು' ಅನ್ನುವ ಕಮಾಂಡ್ ಕಳಿಸುತ್ತಿದ್ದೆ, ಅದೇ ಸ್ಟಾರ್ ಐಡಿಎನ್. ಉತ್ತರವೇ ಇಲ್ಲ. ಆ ಕಮಾಂಡ್ ಬಂದದ್ದು 1987ರ ಐಇಇಇ 488.2 ಮಾನದಂಡದ ಜೊತೆ, ಈ ಯಂತ್ರ ಅದಕ್ಕೂ ಹಿಂದಿನದು. ಪಾಪ, ಅದಕ್ಕೆ ಆ ಭಾಷೆಯೇ ಗೊತ್ತಿಲ್ಲ. ಅದರ ಭಾಷೆ ಎರಡಕ್ಷರದ್ದು. ಐಪಿ ಅಂದರೆ ಮೊದಲ ಸ್ಥಿತಿಗೆ ಬಾ. ಸಿಡಬ್ಲ್ಯೂ 866 ಎಂಝಡ್ ಅಂದರೆ 866 ಮೆಗಾಹರ್ಟ್ಸ್‌ನಲ್ಲಿ ನಿಲ್ಲು. ಎಫ್ಎ ಶುರು, ಎಫ್‌ಬಿ ಕೊನೆ, ಎಸ್‌ಟಿ ಸ್ವೀಪ್ ಸಮಯ, ಪಿಎಲ್ ಪವರ್. ನಿಮ್ಮ ಹತ್ತಿರ ಯಾವ ಹಳೆ ಯಂತ್ರವೇ ಇರಲಿ, ಮೊದಲು ಅದರ ಮ್ಯಾನುಯಲ್‌ನ ಪ್ರೋಗ್ರಾಮಿಂಗ್ ಕೋಡ್‌ಗಳ ಪಟ್ಟಿ ಹುಡುಕಿ. 8350ಬಿಯ ಜಿಪಿಐಬಿ ಅಡ್ರೆಸ್, ಅಂದರೆ ಕಂಪ್ಯೂಟರ್ ಅದನ್ನು ಕರೆಯುವ ಸಂಖ್ಯೆ, ಸಾಮಾನ್ಯವಾಗಿ 19 ಇರುತ್ತದೆ. ಮುಂದಿನ ಪ್ಯಾನೆಲ್‌ನಲ್ಲಿ ಶಿಫ್ಟ್ ಒತ್ತಿ ಎಲ್‌ಸಿಎಲ್ ಒತ್ತಿದರೆ ಅದೇ ತೋರಿಸುತ್ತದೆ.

ಇನ್ನೊಂದು ವಿಷಯ. ಪೈಥಾನ್ ಸೀರಿಯಲ್ ಪೋರ್ಟ್ ತೆರೆದ ಕೂಡಲೇ ಉನೋ ರಿಸೆಟ್ ಆಗುತ್ತದೆ, ಆ ಹೊತ್ತಲ್ಲಿ ಕಳಿಸಿದ ಮೊದಲ ಕಮಾಂಡ್ ಕಳೆದು ಹೋಗುತ್ತದೆ. ಎರಡು ಸೆಕೆಂಡ್ ಕಾಯುವಂತೆ ಮಾಡಿದೆ, ಸರಿಹೋಯಿತು. ಪ್ಯಾನೆಲ್‌ನ ರಿಮೋಟ್ ದೀಪ ಹತ್ತಿ, ಅಂಕಿ ತಾನಾಗಿ 866ಕ್ಕೆ ಹೋಗಿ ನಿಂತಾಗ ರಾತ್ರಿ ಹನ್ನೊಂದೂವರೆ. ಮನೆಯಲ್ಲಿ ಎಲ್ಲರನ್ನೂ ಎಬ್ಬಿಸಿ ತೋರಿಸಿದೆ.

ಫಿಲ್ಟರ್‌ನಿಂದ ಹೊರಗೆ ಬಂದದ್ದನ್ನು ಅಳೆಯಲು ಎಡಿ8318 ಡಿಟೆಕ್ಟರ್ ಬೋರ್ಡ್ ಹಾಕಿದೆ, ಸಿಗ್ನಲ್ ಎಷ್ಟಿದೆ ಅನ್ನುವುದನ್ನು ವೋಲ್ಟೇಜ್ ಆಗಿ ಹೇಳುತ್ತದೆ. ಇದು ಒಂದು ಡಿಬಿಗೆ (ಡೆಸಿಬೆಲ್, ಸಿಗ್ನಲ್‌ನ ಏರಿಳಿತದ ಅಳತೆ) ಸುಮಾರು 25 ಮಿಲಿವೋಲ್ಟ್ ಕೊಡುತ್ತದೆ, ಅದೂ ಉಲ್ಟಾ. ಸಿಗ್ನಲ್ ಜಾಸ್ತಿಯಾದರೆ ವೋಲ್ಟೇಜ್ ಇಳಿಯುತ್ತದೆ. ಉನೋದ ಅನಲಾಗ್ ಪಿನ್ನುಗಳನ್ನೆಲ್ಲ ಜಿಪಿಐಬಿ ತಂತಿಗಳೇ ತಿಂದುಬಿಟ್ಟಿದ್ದರಿಂದ ಓದೋದಕ್ಕೆ ಬೇರೆ ಆರ್ಡುಯಿನೋ ನ್ಯಾನೋ ಬೇಕಾಯಿತು. ಫಿಲ್ಟರ್‌ನ ಎರಡೂ ಬದಿಗೆ ಸಿಗ್ನಲ್ ತಗ್ಗಿಸುವ 10 ಡಿಬಿ ಅಟೆನ್ಯುಯೇಟರ್ ಇಡಿ. ಇಲ್ಲದಿದ್ದರೆ ಕೇಬಲ್ ಬದಲಿಸಿದಾಗೆಲ್ಲ ಅಳತೆಯ ಗ್ರಾಫ್ ಗೆರೆಯ ಆಕಾರವೂ ಬದಲಾಗುತ್ತದೆ. ಮೊದಲು ಫಿಲ್ಟರ್ ತೆಗೆದು ಎರಡು ಕೇಬಲ್ ನೇರ ಸೇರಿಸಿ ಒಂದು ಸಲ ಅಳೆದು ಉಳಿಸಿಕೊಳ್ಳುತ್ತೇನೆ. ಆಮೇಲಿನ ಅಳತೆಯಿಂದ ಅದನ್ನು ಕಳೆಯುತ್ತೇನೆ.

ಈಗ ನನ್ನ ಎರಡು ವಾರ ತಿಂದ ವಿಷಯಕ್ಕೆ ಬರುತ್ತೇನೆ. ಪ್ರೋಗ್ರಾಮ್ 840ರಿಂದ 890ರವರೆಗೆ ಅರ್ಧ ಮೆಗಾಹರ್ಟ್ಸ್ ಹೆಜ್ಜೆಯಲ್ಲಿ 101 ಕಡೆ ನಿಂತು ಅಳೆಯುತ್ತಿತ್ತು. ಗೆರೆ ಚಂದ ಬಂತು. 866ಕ್ಕೆ ಸರಿಯಾಗಿ ಟ್ಯೂನ್ ಮಾಡಿ, ಊರಿಗೆ ಹೋಗಿ ಹಾಕಿದರೆ ಮೊದಲಿಗಿಂತ ಕೆಟ್ಟದಾಯಿತು. ವಾಪಸ್ ಬಂದು ಅದೇ ಅಳತೆಯನ್ನು 890ರಿಂದ ಕೆಳಗೆ ಬರುವಂತೆ ಮಾಡಿ ನೋಡಿದೆ. ಗೆರೆ ಪಕ್ಕಕ್ಕೆ ಸರಿದಿತ್ತು! ಅದೇ ಫಿಲ್ಟರ್, ಅದೇ ಸ್ಕ್ರೂ, ಯಾವುದನ್ನೂ ಮುಟ್ಟಿಲ್ಲ.

ಈ ಯಂತ್ರದೊಳಗೆ ಫ್ರೀಕ್ವೆನ್ಸಿ ಹುಟ್ಟುವುದು ವೈಐಜಿ ಅನ್ನುವ ಸಣ್ಣ ಗೋಲಿಯಿಂದ. ಅದನ್ನು ಆಯಸ್ಕಾಂತದ ನಡುವೆ ಇಟ್ಟು, ಸುರುಳಿಯ ಕರೆಂಟ್ ಬದಲಿಸಿ ಫ್ರೀಕ್ವೆನ್ಸಿ ಬದಲಿಸುತ್ತಾರೆ. ಆಯಸ್ಕಾಂತಕ್ಕೆ ನೆನಪಿರುತ್ತದೆ. ಮೇಲಿನಿಂದ ಬಂದರೆ ಒಂದು ಕಡೆ, ಕೆಳಗಿನಿಂದ ಬಂದರೆ ಇನ್ನೊಂದು ಕಡೆ ನಿಲ್ಲುತ್ತದೆ. ಜೊತೆಗೆ ದೊಡ್ಡ ಜಿಗಿತದ ನಂತರ ನಿಲ್ಲಲು ಸಮಯ ಬೇಕು, ಬಿಸಿಯಾದ ಹಾಗೆ ಸರಿಯುತ್ತಲೂ ಹೋಗುತ್ತದೆ. ಈಗಿನ ಸಿಗ್ನಲ್ ಸಿಂಥಸೈಜರ್‌ಗಳ ಹಾಗೆ ಅಲುಗಾಡದ ಕ್ರಿಸ್ಟಲ್‌ಗೆ ಕಟ್ಟಿಹಾಕಿದ್ದಲ್ಲ ಇದು. ಡಿಸ್ಪ್ಲೇಯಲ್ಲಿ ಕಾಣುವುದು ನಾವು ಹೇಳಿದ ಅಂಕಿ, ನಿಜವಾಗಿ ಬರುತ್ತಿರುವುದಲ್ಲ.

ಫ್ರೀಕ್ವೆನ್ಸಿ ಕೌಂಟರ್ ಸಾಲ ತಂದು ನೋಡಿದೆ. ಆಗ ತಾನೇ ಆನ್ ಮಾಡಿದಾಗ 866 ಅಂದರೆ 868.6 ಬರುತ್ತಿತ್ತು. ಒಂದು ಗಂಟೆ ಕಳೆದ ಮೇಲೆ 867.1. ಆರು ಮೆಗಾಹರ್ಟ್ಸ್ ಅಗಲದ ಫಿಲ್ಟರ್‌ಗೆ ಇದು ಸಣ್ಣ ತಪ್ಪಲ್ಲ, ಅಲ್ವಾ? ನಾನು ಟವರ್ ಕಡೆಗೇ ಟ್ಯೂನ್ ಮಾಡಿ ಕೊಟ್ಟಿದ್ದೆ.

ಆಮೇಲೆ ಪ್ರೋಗ್ರಾಮ್ ಬದಲಿಸಿದೆ. ಯಾವಾಗಲೂ 820ಕ್ಕೆ ಇಳಿದು, ಒಂದು ಸೆಕೆಂಡ್ ನಿಂತು, ಮೇಲ್ಮುಖವಾಗಿಯೇ ಹತ್ತಬೇಕು. ಪ್ರತಿ ಹೆಜ್ಜೆಗೆ 300 ಮಿಲಿಸೆಕೆಂಡ್ ಕಾದು, ಹದಿನಾರು ಸಲ ಓದಿ ಸರಾಸರಿ ತೆಗೆಯಬೇಕು. ಮೊದಲು ನಾನು ಕೊಟ್ಟಿದ್ದು 50 ಮಾತ್ರ, ಅದು ಸಾಲದು. ಅಳತೆಗೆ ಮುಂಚೆ 850, 866, 880 ಮೂರು ಕಡೆ ನಿಲ್ಲಿಸಿ ಕೌಂಟರ್ ನೋಡಿ ಟೈಪ್ ಮಾಡುತ್ತೇನೆ, ಉಳಿದ ಬಿಂದುಗಳನ್ನು ಪ್ರೋಗ್ರಾಮೇ ಸರಿಮಾಡಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯ ಕೋಣೆ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಹಾಗಾಗಿ ಅಳತೆಯನ್ನು ಬೆಳಗಿನ ಜಾವ ಮಾಡುತ್ತೇನೆ, ಯಂತ್ರವನ್ನು ಒಂದು ಗಂಟೆ ಮುಂಚೆ ಹಚ್ಚಿಟ್ಟು. ನಡುವೆ ಕರೆಂಟ್ ಹೋದರೆ ಮತ್ತೆ ಒಂದು ಗಂಟೆ.

ಇಷ್ಟಾದರೂ ಸ್ಕ್ರೂ ತಿರುಗಿಸುವಾಗ ಇದು ಉಪಯೋಗಕ್ಕೆ ಬರಲಿಲ್ಲ. ಒಂದು ಗೆರೆಗೆ ಮೂವತ್ತು ಸೆಕೆಂಡ್ ಮೇಲೆ ಹಿಡಿಯುತ್ತದೆ, ಅಷ್ಟರಲ್ಲಿ ಎಷ್ಟು ತಿರುಗಿಸಿದೆ ಅನ್ನುವುದೇ ಮರೆತು ಹೋಗುತ್ತದೆ. ಅದಕ್ಕೆ ಇನ್ನೊಂದು ದಾರಿ ಮಾಡಿದೆ. ಎಫ್ಎ 840, ಎಫ್‌ಬಿ 890, ಎಸ್‌ಟಿ ಒಂದು ಸೆಕೆಂಡ್ ಕೊಟ್ಟು ಯಂತ್ರ ತಾನೇ ಸ್ವೀಪ್ ಮಾಡಲು ಬಿಟ್ಟೆ. ಅದರ ಸ್ವೀಪ್ ಔಟ್‌ನಿಂದ ಸ್ವೀಪ್ ಜೊತೆಗೇ 0ಯಿಂದ 10 ವೋಲ್ಟ್‌ವರೆಗೆ ಏರುವ ರ್‍ಯಾಂಪ್ ಬರುತ್ತದೆ. ಎರಡು 10 ಕಿಲೋ ಓಮ್ ರೆಸಿಸ್ಟರ್‌ನಲ್ಲಿ ಅರ್ಧ ಮಾಡಿ ನ್ಯಾನೋಗೆ ಕೊಟ್ಟೆ. ರ್‍ಯಾಂಪ್ ಅಡ್ಡಕ್ಕೆ, ಡಿಟೆಕ್ಟರ್ ಉದ್ದಕ್ಕೆ. ರ್‍ಯಾಂಪ್ ಇಳಿಯುವಾಗಿನ ಬಿಂದುಗಳನ್ನು ಎಸೆಯಬೇಕು, ಇಲ್ಲವಾದರೆ ಗೆರೆ ಎರಡೆರಡು ಬರುತ್ತದೆ. ಈಗ ಸೆಕೆಂಡಿಗೊಂದು ಗೆರೆ. ಸ್ಕ್ರೂ ಮುಟ್ಟಿದರೆ ಗುಡ್ಡ ಅಲ್ಲಾಡುವುದು ಕಣ್ಣೆದುರೇ ಕಾಣುತ್ತದೆ. ಮೂರು ಗುಡ್ಡ ಸೇರಿ ಒಂದೇ ದಿಬ್ಬ ಆಗುವ ಆ ಗಳಿಗೆ ನೋಡಲು ಬಹಳ ಚಂದ. ಕೊನೆಗೆ ಮಾತ್ರ ನಿಧಾನದ ಅಳತೆ ಮಾಡಿ ಖಾತ್ರಿ ಮಾಡಿಕೊಳ್ಳುತ್ತೇನೆ.

ಪ್ರೋಗ್ರಾಮ್ ಯಾವ ಕಾರಣಕ್ಕೆ ನಿಂತರೂ, ತಪ್ಪಾಗಿ ನಿಂತರೂ, ಕೊನೆಯ ಸಾಲು ಆರ್‌ಎಫ್ 0 (ಸಿಗ್ನಲ್ ನಿಲ್ಲಿಸು) ಕಳಿಸಲೇಬೇಕು. ಸಿಗ್ನಲ್ ಹಾಗೇ ಬರುತ್ತಿರಲು ಬಿಟ್ಟು ಎದ್ದು ಹೋಗಬಾರದು. ಟ್ಯೂನ್ ಆಗುವವರೆಗೆ ಆಂಟೆನಾ ಹತ್ತಿರಕ್ಕೂ ತರಬೇಡಿ, ಈ ಸ್ವೀಪ್ ಮೊಬೈಲ್ ಬ್ಯಾಂಡ್ ಮೇಲೇ ಹಾಯ್ದು ಹೋಗುತ್ತದೆ.

ಸರಿಯಾದ ಅಳತೆಯಲ್ಲಿ ಫಿಲ್ಟರ್ 866ರಲ್ಲಿ 2 ಡಿಬಿ ಕಳೆಯುತ್ತದೆ, 875ರಲ್ಲಿ 27 ಡಿಬಿ ತಡೆಯುತ್ತದೆ. 869ರ ಹತ್ತಿರ ಇನ್ನೂ ಸ್ವಲ್ಪ ನುಸುಳುತ್ತದೆ, ಅದಕ್ಕೆ ಐದು ಕಡ್ಡಿಯದು ಬೇಕು. ಆದರೂ ಮಾಳಿಗೆ ಮೇಲೆ ಇಟ್ಟ ದಿನವೇ ಕಾಕಾ ಫೋನ್ ಮಾಡಿ, "ಹಳ್ಳದ ಹೊಲದ್ದು ಬಂತು ನೋಡೋ ತಮ್ಮಾ" ಅಂದರು. ಆ ಹೊಲದ ಸೆನ್ಸರ್ ಎರಡು ತಿಂಗಳಿಂದ ಸುಮ್ನೆ ಕೂತಿತ್ತು. ಐದು ಕಡ್ಡಿಯ ಪೆಟ್ಟಿಗೆಗೆ ತಾಮ್ರದ ಹಾಳೆ ಕೊಟ್ಟು ಬಂದಿದ್ದೇನೆ.