ಫುಕುಓಕದಲ್ಲಿ ರಾಮೆನ್ ತಿನ್ನಲು ಕಲಿತದ್ದು

ಕೆಲಸದ ಮೇಲೆ ಜಪಾನಿಗೆ ಬಂದು ಫುಕುಓಕದಲ್ಲಿ ನೆಲೆಸಿದ ನಂತರ ನಾನು ಮನಸ್ಸಿಟ್ಟು ಕಲಿತ ವಿದ್ಯೆಗಳಲ್ಲಿ, ಬಿಸಿ ಸೂಪಿನಲ್ಲಿ ನೂಡಲ್ಸ್ ಹಾಕಿಕೊಡುವ ರಾಮೆನ್ ತಿನ್ನುವುದೂ ಒಂದು. ತಿನ್ನುವುದರಲ್ಲಿ ಕಲಿಯುವುದೇನಿದೆ ಎಂದು ಊರಿನ ನೆಂಟರು ಕೇಳುತ್ತಾರೆ. ಈ ನಗರದ ರಾಮೆನ್ ಮಟ್ಟಿಗೆ ಕಲಿಯುವುದು ಬೇಕಾದಷ್ಟಿದೆ, ಏಕೆಂದರೆ ಇಲ್ಲಿನ ಬಟ್ಟಲು ಮುಂದೆ ಬಂದ ಗಳಿಗೆಯಿಂದಲೇ ಬದಲಾಗುತ್ತ ಹೋಗುತ್ತದೆ. ಎರಡನೆಯ ನಿಮಿಷದಲ್ಲಿದ್ದ ಹದ ಆರನೆಯ ನಿಮಿಷದಲ್ಲಿ ಇರುವುದಿಲ್ಲ.

ಇದಕ್ಕೆ ಮುಖ್ಯ ಕಾರಣ ನೂಡಲ್ಸ್. ರಾಮೆನ್ ನೂಡಲ್ಸನ್ನು ಗೋಧಿ ಹಿಟ್ಟು, ನೀರು, ಉಪ್ಪು ಮತ್ತು ಕಾನ್ಸುಯಿ ಎಂಬ ಕ್ಷಾರ ಸೇರಿಸಿ ಮಾಡುತ್ತಾರೆ. ಪೊಟ್ಯಾಸಿಯಂ ಮತ್ತು ಸೋಡಿಯಂ ಕಾರ್ಬೊನೇಟುಗಳಿಂದಾದ ಈ ಕ್ಷಾರವೇ ಎಳೆಗೆ ಬಿಗಿಯನ್ನೂ ತುಸು ಹಳದಿ ಬಣ್ಣವನ್ನೂ ಕೊಡುತ್ತದೆ. ಅಲ್ಲಿಂದ ಮುಂದೆ ಊರೂರಿಗೂ ದಾರಿ ಬೇರೆ. ಉತ್ತರದ ಸಪ್ಪೊರೊದ ನೂಡಲ್ಸ್ ದಪ್ಪ ಮತ್ತು ಗುಂಗುರು, ಅದರ ಹಿಟ್ಟಿಗೆ ನೀರು ಹೆಚ್ಚು. ನಮ್ಮ ನಗರದ ಹಳೆಯ ವರ್ತಕರ ಪೇಟೆಯಾದ ಹಕಾತದ ಹೆಸರಿನಲ್ಲಿ ಪ್ರಸಿದ್ಧವಾದ ನೂಡಲ್ಸ್ ಸಣ್ಣದು, ನೇರವಾದದ್ದು. ಹಿಟ್ಟಿನ ತೂಕದ ಕಾಲು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು ನೀರು ಹಾಕಿ ಅದನ್ನು ಕಲಸುತ್ತಾರೆ. ನೀರು ಕಡಿಮೆಯಿರುವ ಇಂಥ ಸಣ್ಣ ಎಳೆ ಬೇಗ ಬೇಯುತ್ತದೆ, ಬಟ್ಟಲಿಗೆ ಬಿದ್ದ ಮೇಲೆ ಅಷ್ಟೇ ಬೇಗ ಸೂಪನ್ನು ಹೀರಿಕೊಂಡು ಮೆತ್ತಗಾಗುತ್ತದೆ. ಸಮುದ್ರದ ಅಂಚಿನ ನಗಹಾಮದ ಮೀನು ಮಾರುಕಟ್ಟೆಯಲ್ಲಿ ದುಡಿಯುತ್ತಿದ್ದವರಿಗೆ ಕಾಯುವಷ್ಟು ಪುರುಸೊತ್ತು ಇರಲಿಲ್ಲ. ಅವರಿಗಾಗಿ ಎಳೆಯನ್ನು ಸಣ್ಣದಾಗಿಸಿ, ಮೆತ್ತಗಾಗುವ ಮೊದಲೇ ಮುಗಿಯುವಷ್ಟು ಮಾತ್ರ ಒಂದು ಸಲಕ್ಕೆ ಬಡಿಸಿ, ಹೊಟ್ಟೆ ತುಂಬದವರಿಗೆ ಉಳಿದ ಸೂಪಿಗೇ ಮತ್ತೊಂದು ಹಿಡಿ ನೂಡಲ್ಸ್ ಹಾಕಿಕೊಡುವ ಪದ್ಧತಿ ಬೆಳೆಯಿತು. ಆ ಎರಡನೆಯ ಹಿಡಿಗೆ ಕಾಯೆದಾಮ ಎನ್ನುತ್ತಾರೆ. ಹಕಾತ ರಾಮೆನ್ನಿನ ಬುದ್ಧಿವಂತಿಕೆಯೆಲ್ಲ ಇರುವುದು ಈ ಕಾಯೆದಾಮದಲ್ಲಿ ಎಂಬುದು ನನ್ನ ನಂಬಿಕೆ.

ಅಂಗಡಿಯ ಬಾಗಿಲಲ್ಲಿ ಸಾಮಾನ್ಯವಾಗಿ, ಹಣ ಹಾಕಿ ಬೇಕಾದ ಬಟ್ಟಲಿನ ಗುಂಡಿ ಒತ್ತುವ ಟಿಕೆಟ್ ಯಂತ್ರ ಇರುತ್ತದೆ. ಭಾಷೆ ಬಾರದ ದಿನಗಳಲ್ಲಿ ನನಗೆ ಸಹಾಯಕ್ಕೆ ಬಂದದ್ದು, ಎಡಗಡೆಯ ಮೇಲಿನ ಮೂಲೆಯ ಗುಂಡಿ ಬಹುಪಾಲು ಆ ಅಂಗಡಿಯ ಮುಖ್ಯ ಬಟ್ಟಲಿನದೇ ಆಗಿರುತ್ತದೆ ಎಂಬ ತಿಳಿವಳಿಕೆ. ಟಿಕೆಟನ್ನು ಕಟ್ಟೆಯ ಮೇಲಿಟ್ಟು ನೂಡಲ್ಸ್ ಎಷ್ಟು ಗಡಸಾಗಿರಬೇಕೆಂದು ಹೇಳಬೇಕು: ಮೆತ್ತಗೆ ಬೇಕಾದವರು ಯವ, ಸಾಧಾರಣಕ್ಕೆ ಫುತ್ಸು, ಗಟ್ಟಿಗೆ ಕತ, ಇನ್ನೂ ಗಟ್ಟಿಗೆ ಬರಿಕತ. ಹೊಸಬರು, ಅದರಲ್ಲೂ ಪ್ರವಾಸಿಗಳು, ಬರಿಕತ ಎಂದು ಕೂಗಿದರೇ ಸ್ಥಳೀಯರ ಮರ್ಯಾದೆ ಎಂದು ಭಾವಿಸುತ್ತಾರೆ. ನಾನು ಕತ ದಾಟುವುದಿಲ್ಲ. ಬರಿಕತದಲ್ಲಿ ಹಿಟ್ಟಿನ ಹಸಿವಾಸನೆ ಎಳೆಯ ನಡುವೆ ಉಳಿದುಬಿಡುತ್ತದೆ, ಸೂಪು ಎಳೆಯೊಳಗೆ ಇಳಿಯುವುದೂ ಇಲ್ಲ. ಅಂದಹಾಗೆ, ಗಟ್ಟಿ ನೂಡಲ್ಸಿಗೆ ಇಷ್ಟು ಪಟ್ಟುಹಿಡಿಯುವ ಇದೇ ಊರಿನ ಜನ ಉದೊನ್ ಎಂಬ ದಪ್ಪ ಗೋಧಿ ನೂಡಲ್ಸ್ ತಿನ್ನುವಾಗ ಮಾತ್ರ ಹಲ್ಲೇ ಬೇಡವೆನ್ನುವಷ್ಟು ಮೆತ್ತನೆಯದನ್ನು ಇಷ್ಟಪಡುತ್ತಾರೆ. ಎರಡನ್ನೂ ಒಂದೇ ವಾರದಲ್ಲಿ ತಿಂದು ನೋಡಿದವರಿಗೆ ಊರಿನ ನಾಲಿಗೆ ಅರ್ಥವಾಗುತ್ತದೆ.

ಬಟ್ಟಲು ಬಂದ ಮೇಲೆ ನಾನು ಅನುಸರಿಸುವ ಕ್ರಮ ಹೀಗಿದೆ. ಮೊದಲು ಏನನ್ನೂ ಬೆರೆಸದೆ ಎರಡು ಚಮಚ ಸೂಪು. ನಂತರ ನೂಡಲ್ಸನ್ನು ಕೆಳಗಿನಿಂದ ಎತ್ತಿ, ಕಚ್ಚಿ ತುಂಡರಿಸದೆ, ಸೊರ್ರೆಂದು ಒಳಗೆಳೆದುಕೊಳ್ಳುವುದು. ಊಟದಲ್ಲಿ ಸದ್ದು ಮಾಡಬಾರದೆಂದು ಬೆಳೆದ ನಮಗೆ ಇದು ಮುಜುಗರವೇ ಸರಿ, ಆದರೆ ಗಾಳಿಯೊಂದಿಗೆ ಎಳೆದುಕೊಂಡಾಗ ಕುದಿಬಿಸಿಯ ಎಳೆ ತುಸು ತಣಿಯುತ್ತದೆ, ಸೂಪಿನ ಪರಿಮಳ ಮೂಗಿನ ಹಿಂಬದಿಗೆ ಏರುತ್ತದೆ. ಹಾಗೆ ತಿಂದು ಅಭ್ಯಾಸವಾದ ಮೇಲೆ ಮೌನವಾಗಿ ತಿಂದ ರಾಮೆನ್ ಅರ್ಧ ರುಚಿಯದೆನಿಸುತ್ತದೆ. ನೂಡಲ್ಸ್ ಮೂರರಲ್ಲಿ ಒಂದು ಪಾಲು ಉಳಿದಿರುವಾಗಲೇ ಕಾಯೆದಾಮ ಕೇಳಬೇಕು. ಪೂರ್ತಿ ಮುಗಿಸಿ ಕೇಳಿದರೆ ಅಷ್ಟರಲ್ಲಿ ಸೂಪು ಆರುತ್ತದೆ, ಅಲ್ಲದೆ ಕೈ ಖಾಲಿಯಿದ್ದಾಗ ಸೂಪನ್ನೇ ಕುಡಿಯುತ್ತ ಕೂರುವ ಆಸೆಯಾಗಿ ಹೊಸ ನೂಡಲ್ಸಿಗೆ ಸೂಪೇ ಸಾಲುವುದಿಲ್ಲ.

ಕಟ್ಟೆಯ ಆಚೆ ನಿಂತ ಅಡುಗೆಯವರು ಆ ಒಂದು ಹಿಡಿಯನ್ನು ಉದ್ದ ಹಿಡಿಯ ಆಳವಾದ ಜಾಲರಿಯಲ್ಲಿ ಹಾಕಿ ಕುದಿನೀರಿಗೆ ಇಳಿಸುತ್ತಾರೆ, ಚಾಪ್‌ಸ್ಟಿಕ್ಕಿನಿಂದ ಒಮ್ಮೆ ಬಿಡಿಸುತ್ತಾರೆ, ಒಂದು ನಿಮಿಷ ತುಂಬುವ ಮೊದಲೇ ಮೇಲೆತ್ತಿ ತೋಳನ್ನು ಮೊಣಕೈಯಿಂದ ಕೆಳಕ್ಕೆ ಝಾಡಿಸುತ್ತಾರೆ. ಆ ಝಾಡಿಸುವಿಕೆಯನ್ನು ನಾನು ಕಣ್ಣು ಕೀಲಿಸಿ ನೋಡುತ್ತೇನೆ. ನೀರು ಸರಿಯಾಗಿ ಬಸಿಯದಿದ್ದರೆ ನನ್ನ ಸೂಪು ತೆಳ್ಳಗಾಗುತ್ತದೆ. ಎಷ್ಟು ಬಸಿದರೂ ಸ್ವಲ್ಪ ತೆಳುವಾಗುವುದು ಖಂಡಿತ. ಅದಕ್ಕಾಗಿಯೇ ಕಟ್ಟೆಯ ಮೇಲೆ ತಾರೆ ತುಂಬಿದ ಪುಟ್ಟ ಕೆಟಲ್ ಇಟ್ಟಿರುತ್ತಾರೆ. ತಾರೆ ಎಂದರೆ ಸೋಯಾ ಸಾಸಿನ, ಉಪ್ಪುಪ್ಪಾದ ಗಾಢ ರಸ. ರಾಮೆನ್ನಿಗೆ ಉಪ್ಪಿನ ರುಚಿ ಬರುವುದು ಮೂಳೆಯ ಸೂಪಿನಿಂದಲ್ಲ, ಬಟ್ಟಲಿನ ತಳಕ್ಕೆ ಮೊದಲೇ ಹಾಕಿದ ಈ ರಸದಿಂದ. ಹೊಸ ನೂಡಲ್ಸನ್ನು ಸೂಪಿಗೆ ಜಾರಿಸಿ, ಅದರ ಮೇಲೆಯೇ ತಾರೆಯನ್ನು ತೆಳುವಾಗಿ ಒಂದು ಸುತ್ತು ಹಾಕಿ, ಅಡಿಯಿಂದ ಬಿಡಿಸುತ್ತೇನೆ. ಹುರಿದ ಎಳ್ಳು, ಕೆಂಪು ಉಪ್ಪಿನಕಾಯಿ ಶುಂಠಿ, ಖಾರ ಹಾಕಿ ಹುರಿದ ತಕಾನ ಸೊಪ್ಪು, ಜಜ್ಜಿದ ಬೆಳ್ಳುಳ್ಳಿ, ಇವೆಲ್ಲಕ್ಕೂ ನನ್ನಲ್ಲಿ ಎರಡನೆಯ ಸುತ್ತಿನಲ್ಲೇ ಸ್ಥಾನ. ತಕಾನದ ಖಾರ ಒಮ್ಮೆ ಇಳಿಯಿತೆಂದರೆ ಬಟ್ಟಲು ಪೂರ್ತಿ ಅದರದ್ದೇ, ಸೂಪಿನ ಮೂಲ ರುಚಿ ಮತ್ತೆ ಸಿಗುವುದಿಲ್ಲ.

ಕೊಡಗಿನಲ್ಲಿ ಹುಟ್ಟಿದ ನನಗೆ ಹಂದಿಮಾಂಸ ಹೊಸದಾಗಿರಲಿಲ್ಲ, ಆದರೆ ಹಂದಿಯ ಮೂಳೆ ಹಾಲಿನಂಥ ಬಿಳಿ ಸೂಪಾಗುವುದು ಹೊಸದಾಗಿತ್ತು. ತೊಂಕೊತ್ಸು ಎಂದು ಕರೆಯುವ ಈ ಸೂಪಿನ ತವರು ಇಲ್ಲಿಂದ ದಕ್ಷಿಣಕ್ಕಿರುವ ಕುರುಮೆ. ಅಲ್ಲಿ 1937ರಲ್ಲಿ ನಾನ್‌ಕಿನ್ ಸೆನ್‌ರ್ಯೊ ಎಂಬ ಗಾಡಿಯಂಗಡಿ ಹಂದಿಮೂಳೆಯ ರಾಮೆನ್ ಆರಂಭಿಸಿತು. ಆ ಸೂಪು ಇಷ್ಟು ಬಿಳಿಯಾಗಿರಲಿಲ್ಲ. 1947ರಲ್ಲಿ ಅದೇ ಊರಿನ ಸಾನ್‌ಕ್ಯು ಎಂಬ ಅಂಗಡಿಯಲ್ಲಿ, ಗಮನಿಸದೆ ಬಿಟ್ಟ ಪಾತ್ರೆ ವಿಪರೀತ ಕುದಿದು ಸೂಪು ಬೆಳ್ಳಗಾಯಿತೆಂದೂ ಅದೇ ಹೆಚ್ಚು ರುಚಿಯೆನಿಸಿತೆಂದೂ ಹೇಳುತ್ತಾರೆ. ಸಣ್ಣ ಉರಿಯಲ್ಲಿ ತಿಳಿಯಾಗಿ ಉಳಿಯುವ ಸಾರು, ದೊಡ್ಡ ಉರಿಯಲ್ಲಿ ಗಂಟೆಗಟ್ಟಲೆ ಮಗುಚಿ ಕುದಿದಾಗ ಮೂಳೆಯ ಕೊಲಾಜನ್ ಜೆಲಾಟಿನ್ ಆಗಿ ಕರಗಿ, ಕೊಬ್ಬು ಅತಿ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಸೇರಿಕೊಂಡು ಬಿಳಿಯಾಗುತ್ತದೆ. ನಮ್ಮ ಕಾಲುಸೂಪು ಕುಡಿದಾಗ ತುಟಿ ಅಂಟುವುದೂ ಇದೇ ಜೆಲಾಟಿನ್ನಿನಿಂದ.

ಇದನ್ನು ಮನೆಯಲ್ಲೂ ಮಾಡಿ ನೋಡಿದ್ದೇನೆ. ಸೀಳಿದ ತೊಡೆಮೂಳೆ ಮತ್ತು ಕಾಲುಗಳನ್ನು ರಾತ್ರಿಯಿಡೀ ನೀರಿನಲ್ಲಿಟ್ಟು, ಬೆಳಗ್ಗೆ ಒಂದು ಕುದಿ ಬರಿಸಿ ಆ ನೀರನ್ನು ಚೆಲ್ಲಿ, ಮೂಳೆಗಳ ಸಂದಿಯಲ್ಲಿ ಕಪ್ಪಾಗಿ ಹೆಪ್ಪುಗಟ್ಟಿದ ರಕ್ತವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದಾಗಿ ಉಜ್ಜಿ ತೆಗೆಯಬೇಕು. ಬೇಸರ ತರಿಸುವ ಈ ಕೆಲಸದಲ್ಲೇ ಸೂಪಿನ ಬಿಳುಪೂ ಅದರ ವಾಸನೆಯ ಸಭ್ಯತೆಯೂ ತೀರ್ಮಾನವಾಗುತ್ತದೆ. ಆಮೇಲೆ ಸಂಜೆಯವರೆಗೂ ದೊಡ್ಡ ಉರಿ, ಇಂಗಿದಷ್ಟಕ್ಕೆ ಕುದಿನೀರನ್ನೇ ಸೇರಿಸುವುದು. ಬಣ್ಣ ಬಂತು, ಅಂಟು ಬಂತು, ಮನೆಮಂದಿ ಮೆಚ್ಚಿ ತಿಂದರು. ಅಂಗಡಿಯ ಸೂಪಿನ ಆಳ ಮಾತ್ರ ಬರಲಿಲ್ಲ. ಏಕೆಂಬುದು ತಿಳಿದದ್ದು ಕುರುಮೆಗೆ ಹೋದಾಗ. ಅಲ್ಲಿನ ಹಳೆಯ ಅಂಗಡಿಗಳಲ್ಲಿ ಪಾತ್ರೆಯನ್ನು ಬರಿದು ಮಾಡುವುದೇ ಇಲ್ಲ. ನಿನ್ನೆಯ ಸೂಪನ್ನು ಉಳಿಸಿಕೊಂಡು ಅದಕ್ಕೆ ಇಂದಿನದನ್ನು ಸೇರಿಸುತ್ತ ಹೋಗುವ ಈ ಕ್ರಮಕ್ಕೆ ಯೊಬಿಮೊದೊಶಿ ಎನ್ನುತ್ತಾರೆ. ದಿನದಿನದ ಸೂಪು ಒಂದರ ಮೇಲೊಂದು ಸೇರಿದ ಆ ಆಳ ಒಂದು ದಿನದ ಮನೆಯಡುಗೆಗೆ ದಕ್ಕುವಂಥದ್ದಲ್ಲ. ಕುರುಮೆಯ ವಾಸನೆ ಬೀದಿಯ ತಿರುವಿನಲ್ಲೇ ತಡೆಯುತ್ತದೆ, ಸೂಪು ಹಕಾತದ್ದಕ್ಕಿಂತ ಭಾರ, ನೂಡಲ್ಸ್ ತುಸು ದಪ್ಪ. ಎರಡರಲ್ಲಿ ಯಾವುದು ಎಂದರೆ ನನ್ನ ಮತ ಕುರುಮೆಗೆ.

ಬೇರೆ ಊರುಗಳಲ್ಲೂ ತಿಂದಿದ್ದೇನೆ. ಕುಮಾಮೊತೊದಲ್ಲಿ ಕರಕಾಗುವಷ್ಟು ಹುರಿದ ಬೆಳ್ಳುಳ್ಳಿಯ ಕಪ್ಪು ಎಣ್ಣೆಯನ್ನು ಮೇಲೆ ಹನಿಸುತ್ತಾರೆ. ಚಳಿಗಾಲದ ಸಪ್ಪೊರೊದಲ್ಲಿ ಮಿಸೊ (ಸೋಯಾ ಕಾಳನ್ನು ಹುದುಗಿಸಿ ಮಾಡಿದ ಉಪ್ಪುಮುದ್ದೆ) ಹಾಕಿದ ರಾಮೆನ್ನಿನ ಮೇಲೆ ಕೊಬ್ಬಿನ ಪದರ ಮುಚ್ಚಳದಂತೆ ನಿಂತು ಬಿಸಿಯನ್ನು ಹಿಡಿದಿಡುತ್ತದೆ, ಗುಂಗುರು ನೂಡಲ್ಸ್ ಬಹಳ ಹೊತ್ತು ಗಟ್ಟಿಯಾಗಿಯೇ ಇರುತ್ತದೆ. ಅಲ್ಲಿ ಫುಕುಓಕದ ಅವಸರ ಬೇಕಿಲ್ಲ.

ಆರೋಗ್ಯದ ವಿಷಯವನ್ನು ಬಿಡುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎನ್ನುತ್ತದೆ. ಒಂದು ಬಟ್ಟಲಿನ ಸೂಪನ್ನು ತಳದವರೆಗೆ ಕುಡಿದರೆ ಆ ಮಿತಿ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ನಾನು ಸೂಪನ್ನು ಅರ್ಧಕ್ಕಿಂತ ಹೆಚ್ಚು ಬಿಟ್ಟೇ ಏಳುತ್ತೇನೆ. ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಕರ್ನಾಟಕದಿಂದ ಬರುವ ಸಸ್ಯಾಹಾರಿ ಗೆಳೆಯರಿಗೆ ಒಂದು ಮಾತು. ಚಿತ್ರದಲ್ಲಿ ಬರೀ ತರಕಾರಿ ಕಂಡಿತೆಂದು ನಂಬಬೇಡಿ. ಮಿಸೊ ಇರಲಿ, ಸೋಯಾ ಇರಲಿ, ಅಡಿಯ ಸೂಪು ಹಂದಿಯದೋ ಕೋಳಿಯದೋ ಒಣಮೀನಿನದೋ ಆಗಿರುವುದೇ ಹೆಚ್ಚು, ಮೇಲಿನ ಮಾಂಸದ ತುಂಡನ್ನು ತೆಗೆಸಿದರೆ ಅದು ಸಸ್ಯಾಹಾರವಾಗುವುದಿಲ್ಲ. ಟೋಕಿಯೊ ಸ್ಟೇಷನ್ನಿನ ಟಿಕೆಟ್ ಗೇಟಿನ ಒಳಗೇ ಟೀಸ್ ತಾನ್‌ತಾನ್ ಎಂಬ ಅಂಗಡಿಯಿದೆ. ಹಾಲು, ಮೊಟ್ಟೆ ಕೂಡ ಇಲ್ಲದೆ, ಎಳ್ಳಿನ ಸೂಪಿನಲ್ಲಿ ಅವರು ಮಾಡುವ ರಾಮೆನ್ ಸಪ್ಪೆಯ ರಾಜಿಯಲ್ಲ, ಮಾಂಸ ತಿನ್ನುವ ನಾನೂ ಬಯಸಿ ತಿನ್ನುವಂಥದ್ದು. ಟೋಕಿಯೊ ದಾರಿಯಾಗಿ ನಮ್ಮ ಮನೆಗೆ ಬರುವವರಿಗೆ, ರೈಲು ಹತ್ತುವ ಮುನ್ನ ಅಲ್ಲಿ ಉಂಡೇ ಬನ್ನಿ ಎಂದು ಮೊದಲೇ ತಿಳಿಸಿರುತ್ತೇನೆ.